ಗಾರ್ಡ್ ರಿಂಗಿನ ತಂತಿ ಮತ್ತು ಸಾಹೇಬರ ವರ್ಚಸ್ಸು

ಪಾದರಸ ಎಂಬುದು ಅವನ ಹೆಸರಲ್ಲ. ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲಿಂದ ಹೊರಗೆ ಅದನ್ನು ಯಾರೂ ಬಳಸಿದ್ದಿಲ್ಲ. ಕುರ್ಚಿ ಕೊಟ್ಟರೆ ತುದಿಯಲ್ಲಿ ಕೂರುವ, ಟೀ ಕೊಟ್ಟರೆ ನಡೆದಾಡುತ್ತ ಕುಡಿಯುವ, ಏನಾದರೂ ಹೇಳಿಕೊಡಲು ಹೋದರೆ ಅರ್ಧಕ್ಕೇ "ಗೊತ್ತಾಯ್ತು, ಗೊತ್ತಾಯ್ತು" ಎಂದು ಎದ್ದು ಹೋಗುವ ಮನುಷ್ಯನಿಗೆ ಆ ಹೆಸರಿಟ್ಟವನು ನಾನೇ. ಇಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ನಮ್ಮದು ಅಳತೆಗಳನ್ನು ಅಳೆಯುವ ಕಚೇರಿ. ಕಾರ್ಖಾನೆಗಳು ತಮ್ಮ ಮೀಟರುಗಳನ್ನು ನಮ್ಮಲ್ಲಿಗೆ ಕಳಿಸುತ್ತವೆ, ನಾವು ಪರೀಕ್ಷಿಸಿ ಸರಿಯಿದೆ ಎಂದರೆ ನಾನು ಸರ್ಟಿಫಿಕೇಟು ಟೈಪು ಮಾಡುತ್ತೇನೆ. ನಾವು ಸರಿಯಿದ್ದೇವೆಂದು ಹೇಳುವುದಕ್ಕೆ ನಮ್ಮ ಒಳಕೋಣೆಯಲ್ಲಿ ಒಂದು ಪೆಟ್ಟಿಗೆ ಇದೆ. ಅದಕ್ಕೆ ಕಚೇರಿಯಲ್ಲಿ ಹತ್ತರ ಡಬ್ಬಿ ಎನ್ನುತ್ತಾರೆ. ಒಳಗಿರುವುದು ಇಷ್ಟೇ: ಎರಡು ಲೋಹದ ತಟ್ಟೆ, ಎದುರುಬದುರು, ನಡುವೆ ಗಾಳಿ. ಇದೊಂದು ಕೆಪಾಸಿಟರ್. ಆ ತಟ್ಟೆಗಳು ಎಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲವು ಎಂಬುದನ್ನು ಪಕ್ಕದ ಮೀಟರು ಅಂಕಿಯಲ್ಲಿ ತೋರಿಸುತ್ತದೆ. ಅದು ಹತ್ತು ಪಿಕೋಫ್ಯಾರಡ್ ತೋರಿಸಬೇಕು. ಹತ್ತಕ್ಕೆ ಒಂದು ಕೂದಲು ಹೆಚ್ಚಾಗುವಂತಿಲ್ಲ, ಕಡಿಮೆಯಾಗುವಂತಿಲ್ಲ. ಮೇಲಿನ ತಟ್ಟೆಯ ಸುತ್ತ, ಸೂಜಿ ತೂರುವಷ್ಟು ಸಂದು ಬಿಟ್ಟು, ಬಳೆಯಂಥ ಇನ್ನೊಂದು ತಟ್ಟೆ ಇದೆ. ಅದು ಗಾರ್ಡ್ ರಿಂಗ್. ಅದಕ್ಕೆ ಬೇರೆಯದೇ ಒಂದು ತಂತಿ. ಈ ಇಡೀ ಸಂಸಾರದ ಮೇಲೆ ಒಂದು ಹಿತ್ತಾಳೆಯ ಕವಚ.

ಇದನ್ನು ಬಹಳ ವರ್ಷ ನೋಡಿಕೊಂಡಿದ್ದ ಹಿರಿಯರು ನಿವೃತ್ತರಾದರು. ಪಾರ್ಸಲ್ ವಿಭಾಗದಲ್ಲಿ ಹನ್ನೊಂದು ವರ್ಷ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದ ಪಾದರಸ, ಅರ್ಜಿಯ ಮೇಲೆ ಅರ್ಜಿ ಹಾಕಿ, ಆರು ತಿಂಗಳ ಪರೀಕ್ಷಾರ್ಥವಾಗಿ ಆ ಜಾಗಕ್ಕೆ ಬಂದ. ಗುರುವಾರ ಮೇಲಿನ ಮಂಡಳಿಯಿಂದ ತಪಾಸಣೆ. ಡಬ್ಬಿ ಹತ್ತು ತೋರಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಮತ್ತೆ ಹಗ್ಗ. ಮನೆಯಲ್ಲಿ ಮಾತ್ರ ಅವನು ತಾನು ಆಗಲೇ 'ಪ್ರಧಾನ ಮಾಪಕ' ಆಗಿದ್ದೇನೆಂದು ಹೇಳಿಯಾಗಿತ್ತು, ಬಾಗಿಲಿಗೊಂದು ಫಲಕವನ್ನೂ ಹೊಡೆದಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವನಿಗೆ ಐಶ್ವರ್ಯ ಇನ್ನೂ ಬಂದಿರಲಿಲ್ಲ, ಕೊಡೆ ಮಾತ್ರ ಬಿಚ್ಚಿಯಾಗಿತ್ತು.

ಸೋಮವಾರ ಬೆಳಿಗ್ಗೆ ಅವನಿಗೆ ಡಬ್ಬಿಯನ್ನು ಒಳಗಿನಿಂದ ಒರೆಸಿಬಿಡಬೇಕು ಎನ್ನಿಸಿತು. ಯಾರೂ ಹೇಳಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೆ. ಬಿಚ್ಚಿದ, ಒರೆಸಿದ, ಮತ್ತೆ ಜೋಡಿಸುವಾಗ ಬಳೆಯ ತಂತಿ ಕೈಗೆ ಬಂತು. ಇಲ್ಲಿ ಅವನು ಯೋಚಿಸಿದ, ಅದೇ ತಪ್ಪಾಯಿತು. ಅಳೆಯುವುದು ನಡುವಿನ ತಟ್ಟೆಯನ್ನು. ಸುತ್ತಲಿನ ಬಳೆಯ ಪಾಲನ್ನು ಮೀಟರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೈಪಿಡಿಯಲ್ಲೇ ಹಾಗೆ ಬರೆದಿದೆ. ಲೆಕ್ಕಕ್ಕೇ ಬಾರದ ಬಳೆಗೆ ತಂತಿ ಯಾಕೆ? ಆ ಪುಟದ ಮುಂದಿನ ಪುಟದಲ್ಲಿ ಯಾಕೆಂದು ಬರೆದಿತ್ತು, ಆದರೆ ಅಷ್ಟು ಹೊತ್ತಿಗೆ ನಮ್ಮವನಿಗೆ ಗೊತ್ತಾಗಿಬಿಟ್ಟಿತ್ತು. ತಂತಿಯನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ. ಒಳಗಿನ ಹೊಳಪು ತಪಾಸಣೆಯವರಿಗೆ ಕಾಣಲಿ ಎಂದು ಕವಚವನ್ನೂ ಕಪಾಟಿನ ಮೇಲಿಟ್ಟ.

ಮೀಟರು ಹದಿಮೂರು ಚಿಲ್ಲರೆ ತೋರಿಸಿತು. ಅವನು ಓಡಿ ಬಂದು, ತಾನು ಒರೆಸಿದ್ದಕ್ಕೆ ಡಬ್ಬಿಯ ಶಕ್ತಿ ಮೂರು ಜಾಸ್ತಿಯಾಗಿದೆ ಎಂದು ನನಗೆ ತಿಳಿಸಿದ. ಸೇರು ತೊಳೆದರೆ ಸೇರು ಒಂದೂವರೆ ಸೇರಾಗುತ್ತದೆಯೇ ಎಂದು ನಾನು ಕೇಳಲಿಲ್ಲ. ನಾನು ಟೈಪು ಮಾಡುವವನು, ನನಗೆ ಬೇಡದ ಉಸಾಬರಿ.

ಮಂಗಳವಾರಕ್ಕೆ ಅಂಕಿ ಕುಣಿಯತೊಡಗಿತು. ಪಾದರಸ ಮೇಜಿನ ಬಳಿ ಬಂದರೆ ಏರುತ್ತದೆ, ಕಿಟಕಿಯ ಕಡೆ ಹೋದರೆ ಇಳಿಯುತ್ತದೆ, ಅವನು ಸುತ್ತು ಹಾಕಿದರೆ ಅದೂ ಸುತ್ತು ಹಾಕುತ್ತದೆ. ಅವನು ಫ್ಯಾನು ನಿಲ್ಲಿಸಿದ, ಕಿಟಕಿ ಮುಚ್ಚಿದ, ಮೇಜಿನ ಕಾಲಿಗೆ ಕಾಗದ ಮಡಚಿಟ್ಟ, ಗೋಡೆಯ ಹಲ್ಲಿಯನ್ನು ಪೊರಕೆಯಿಂದ ಓಡಿಸಿದ. ಪ್ರತಿ ಸಲ ಬಂದು ನೋಡಿದಾಗಲೂ ಅಂಕಿ ಅವನನ್ನು ಕಂಡು ಎದ್ದು ನಿಲ್ಲುತ್ತಿತ್ತು. ಸುಮ್ಮನೆ ಒಂದು ಕಡೆ ನಿಂತು ನೋಡಿದ್ದರೆ ಕಾರಣ ಹೊಳೆಯುತ್ತಿತ್ತೇನೋ. ಆದರೆ ಸುಮ್ಮನೆ ನಿಲ್ಲುವುದೊಂದನ್ನು ಬಿಟ್ಟು ಅವನು ಬೇರೆಲ್ಲ ಮಾಡಿದ.

ಹೀಗಿರುವಾಗ ದೊಡ್ಡ ಸಾಹೇಬರು ಒಳಗೆ ಬಂದರು. ಸಾಹೇಬರು ಬರುವ ಮೊದಲು ಅವರ ಹೊಟ್ಟೆ ಬರುತ್ತದೆ. ಅದು ಮೇಜಿನ ಅಂಚನ್ನು ಮುಟ್ಟಿದ್ದೇ ತಡ, ಅಂಕಿ ಹದಿನೈದಕ್ಕೆ ಏರಿತು. ಸಾಹೇಬರು ಹಿಂದೆ ಸರಿದರು, ಅದು ಇಳಿಯಿತು. ಮುಂದೆ ಬಂದರು, ಏರಿತು.

"ಏನಯ್ಯಾ ಇದು?" ಎಂದರು.

ಗೊತ್ತಿಲ್ಲ ಎನ್ನುವುದು ಮೂರೇ ಅಕ್ಷರದ ಮಾತು. ನಮ್ಮ ಕಚೇರಿಯಲ್ಲಿ ಅದನ್ನು ಆಡಿದವರು ಯಾರೂ ಕಾಯಂ ಆಗಿಲ್ಲ. ಪಾದರಸ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ, ಕಿಟಕಿ ನೋಡಿದ, ನನ್ನನ್ನು ನೋಡಿದ.

"ಸರ್, ಅದು ನಿಮ್ಮ ವರ್ಚಸ್ಸು," ಎಂದ.

ನಾನು ಕೆಮ್ಮಿದೆ. ಸಾಹೇಬರು ಕೆಮ್ಮಲಿಲ್ಲ. ಅವರು ಡಬ್ಬಿಯನ್ನು ಮೊದಲ ಬಾರಿಗೆ ಗೌರವದಿಂದ ನೋಡಿದರು. ಮನುಷ್ಯನ ಮೈಯಿಂದ ಏನೋ ಒಂದು ಹೊಮ್ಮುತ್ತದೆ ಎಂಬ ಸಂಶಯ ತಮಗೆ ಮೊದಲಿನಿಂದಲೂ ಇತ್ತು, ತಾವು ಒಳಗೆ ಬಂದರೆ ಜನ ಎದ್ದು ನಿಲ್ಲುವುದು ಬರೀ ಹುದ್ದೆಗಲ್ಲ ಎಂದು ಹೇಳಿದರು. ಆಮೇಲೆ ನನ್ನನ್ನು ಕರೆದು ನಿಲ್ಲಿಸಿದರು. ನನಗೆ ಹದಿನಾಲ್ಕೂವರೆ ಬಂತು. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಸಂತೋಷವಾಯಿತು. ಸ್ಟೋರ್ ಕೀಪರನನ್ನು ಕರೆಸಿದರು. ಅವನು ಕಡ್ಡಿಯಂಥ ಮನುಷ್ಯ, ಯಾರನ್ನು ಕಂಡರೂ ಎರಡು ಹೆಜ್ಜೆ ದೂರ ನಿಲ್ಲುವವನು. ಅವನಿಗೆ ಹದಿಮೂರೂವರೆ. ಸಾಹೇಬರು ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಒಳಕೋಣೆಯ ಮುಂದೆ ಸಾಲು ನಿಂತಿತು. ಪಾದರಸ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ನಾನು ಅಂಕಿಗಳನ್ನು ಬರೆದುಕೊಂಡೆ. ಸಾಹೇಬರ ಅಪ್ಪಣೆಯಂತೆ ಪಟ್ಟಿ ಟೈಪಾಗಿ, ತಲೆಬರಹ ಹೊತ್ತು, ಸೂಚನಾ ಫಲಕಕ್ಕೆ ಏರಿತು. ಕಾರ್ಖಾನೆಗಳ ಮೀಟರುಗಳು ಪೆಟ್ಟಿಗೆಯಲ್ಲೇ ಉಳಿದವು. ಸೋಮವಾರ ಒರೆಸುವ, ಆಮೇಲೆ ಮನುಷ್ಯರನ್ನು ಅಳೆಯುವ ಗಡಿಬಿಡಿಯಲ್ಲಿ ಆ ಮೂರು ದಿನ ಒಂದು ಸರ್ಟಿಫಿಕೇಟೂ ಹೊರಬೀಳಲಿಲ್ಲ, ಅದೊಂದು ಪುಣ್ಯ.

ಸಂಜೆಯ ಮುಂಚೆ ಒಂದು ಅನಾಹುತವಾಯಿತು. ಗೇಟಿನ ಕಾವಲುಗಾರ ದೊಡ್ಡ ಆಳು. ನೆಲ ಒರೆಸಿದ್ದರಿಂದ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಬಂದ. ಅವನಿಗೆ ಸಾಹೇಬರಿಗಿಂತ ಕಾಲು ಹೆಚ್ಚು ಬಂತು. ಬರಿಗಾಲು ನೆಲಕ್ಕೆ ತಾಗಿದರೆ ಅಂಕಿ ಇನ್ನೂ ಏರುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಸಾಹೇಬರು ಅವನ ಪಾದವನ್ನೇ ನೋಡುತ್ತ ನಿಂತು, ಆಮೇಲೆ ನಿಧಾನಕ್ಕೆ ಬಗ್ಗಿ ತಮ್ಮ ಬೂಟಿನ ದಾರ ಬಿಚ್ಚಿದರು. ಬರಿಗಾಲಲ್ಲಿ ಹದಿನಾರು ಬಂತು. ಕಾವಲುಗಾರನ ಹೆಸರು ಪಟ್ಟಿಯಲ್ಲಿ ಎರಡನೆಯದಾಗಿ ಉಳಿಯಿತು, ಅವನು ನಿಟ್ಟುಸಿರು ಬಿಟ್ಟ. ಬುಧವಾರ ಬೆಳಿಗ್ಗೆ ಇಡೀ ಕಚೇರಿ ಬರಿಗಾಲಲ್ಲಿತ್ತು. ಸ್ಟೋರ್ ಕೀಪರ್ ಅಂಗಿಯೊಳಗೆ ಸ್ಟೀಲ್ ತಟ್ಟೆ ಸಿಕ್ಕಿಸಿಕೊಂಡು ಬಂದು ಮರುಪರೀಕ್ಷೆ ಕೇಳಿದ. ಅವನು ಬಗ್ಗಿದಾಗ ತಟ್ಟೆ ನೆಲಕ್ಕೆ ಬಿದ್ದು ಕೋಣೆ ತುಂಬ ಉರುಳಿತು.

ಬುಧವಾರ ಮಧ್ಯಾಹ್ನ ಪಾದರಸನ ಮಾವ ಮಗಳನ್ನು ಕರೆದುಕೊಂಡು ಬಂದರು. ಅಳಿಯ ಜನರ ವರ್ಚಸ್ಸು ಅಳೆಯುತ್ತಾನೆ ಎಂಬ ಸುದ್ದಿ ಬೀದಿ ಬೀದಿ ಸುತ್ತಿ ಅವರ ಕಿವಿಗೂ ಬಿದ್ದಿತ್ತು. ಮಾವ ನಿವೃತ್ತ ಹೆಡ್ಮಾಸ್ಟರು. ಅವರ ಹೆಜ್ಜೆಯ ಸದ್ದಿಗೆ ಮುನ್ನೂರು ಹುಡುಗರು ಉಸಿರು ಬಿಗಿ ಹಿಡಿಯುತ್ತಿದ್ದರಂತೆ. ಈಗ ಒಣಗಿ ಕೋಲಾಗಿದ್ದರು, ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ. ಅವರಿಗೆ ಪಟ್ಟಿಯಲ್ಲೇ ಅತಿ ಕಡಿಮೆ ಬಂತು, ಸ್ಟೋರ್ ಕೀಪರನಿಗಿಂತ ಎರಡು ಕೂದಲು ಕೆಳಗೆ.

"ಅಳಿಯಂದಿರೇ," ಎಂದರು ಮಾವ, "ಇದಕ್ಕೆ ಸಂಸ್ಕಾರ ಇಲ್ಲ."

ಹಾಗೆಂದು ಹೊರಗೆ ಹೋಗಿ ಬೆಂಚಿನ ಮೇಲೆ ಸ್ಟೋರ್ ಕೀಪರನ ಪಕ್ಕ ಕೂತರು. ಹತ್ತು ನಿಮಿಷದಲ್ಲಿ ಇಬ್ಬರೂ ಹಳೆಯ ಸ್ನೇಹಿತರಾಗಿದ್ದರು.

ಒಳಗೆ ಉಳಿದವರು ಪಾದರಸ, ಅವನ ಹೆಂಡತಿ ಮತ್ತು ನಾನು. ಆಕೆ ಹೊಲಿಗೆಯ ಕೆಲಸದವಳು. ದಿನವಿಡೀ ಅಳತೆ ಪಟ್ಟಿ ಕೊರಳಲ್ಲೇ ಇರುತ್ತದೆ, ಅಂದೂ ತೆಗೆಯಲು ಮರೆತು ಬಂದಿದ್ದಳು. ಗಂಡ ಸುತ್ತು ಹಾಕುತ್ತ ವರ್ಚಸ್ಸಿನ ಸಿದ್ಧಾಂತ ವಿವರಿಸುತ್ತಿದ್ದ. ಅವಳು ಕೇಳಿಸಿಕೊಳ್ಳಲಿಲ್ಲ. ಡಬ್ಬಿಯ ಕಡೆ ಕೈ ಚಾಚಿದಳು, ಅಂಕಿ ಏರಿತು. ಹಿಂದೆಗೆದಳು, ಇಳಿಯಿತು. ಮೂರು ಸಲ ಹಾಗೆ ಮಾಡಿದಳು. ಆಮೇಲೆ ಗಂಡನಿಗೆ ಗೋಡೆಗೆ ಒರಗಿ ನಿಲ್ಲಲು ಹೇಳಿದಳು. ಅವನು ನಿಂತ, ಅಂಕಿಯೂ ನಿಂತಿತು.

"ರೀ, ಇದು ಯಾರ ಗುಣಾನೂ ಹೇಳ್ತಿಲ್ಲ. ಯಾರು ಎಷ್ಟು ಹತ್ತಿರ ಬಂದ್ರು ಅಂತ ಹೇಳ್ತಿದೆ ಅಷ್ಟೆ. ಇದಕ್ಕೊಂದು ಮುಚ್ಚಳ ಇರಲಿಲ್ವಾ?"

ಪಾದರಸ ಕಪಾಟಿನಿಂದ ಕವಚ ಇಳಿಸಿ ಹೊದಿಸಿದ. ಅಂಕಿ ಗಪ್‌ಚಿಪ್. ಅವಳು ಕೈ ಚಾಚಿದಳು, ನಾನು ಹತ್ತಿರ ಹೋದೆ, ಅವನು ಸುತ್ತು ಹಾಕಿದ. ಹೊರಗಿನವರು ಏನು ಮಾಡಿದರೂ ಕವಚದೊಳಗೆ ಅದರ ಸುದ್ದಿ ಹೋಗಲಿಲ್ಲ. ಆದರೆ ಅಂಕಿ ಹದಿಮೂರು ಚಿಲ್ಲರೆಯಲ್ಲೇ ಕೂತಿತ್ತು. ಬೇಕಾದದ್ದು ಹತ್ತು. ಗಲಾಟೆ ನಿಂತಿತ್ತು, ಸುಳ್ಳು ನಿಂತಿರಲಿಲ್ಲ.

ಆಗ ಅವನು ಜೇಬಿನಿಂದ ತಂತಿ ತೆಗೆದ. ಬಳೆಯ ತಂತಿ, ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಬಿಚ್ಚಿದೆ ಎಂದ. ತಟ್ಟೆಯ ಅಂಚಿನಲ್ಲಿ ವಿದ್ಯುತ್ತು ನೆಟ್ಟಗೆ ಎದುರಿನ ತಟ್ಟೆಗೆ ಹೋಗದೆ ಹೊರಕ್ಕೆ ಬಾಗಿ ಹರಡಿಕೊಳ್ಳುತ್ತದೆ, ಅಂಚಿನದೇ ದೊಡ್ಡ ತಲೆನೋವು ಎಂದು ಕೈಪಿಡಿಯಲ್ಲಿ ಏನೋ ಇತ್ತು ಎಂದೂ ಸೇರಿಸಿದ.

ಹೆಂಡತಿ ಅವನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಮದುವೆಯಾದವರಿಗೆ ಗೊತ್ತಿದೆ.

"ನಾನು ರವಿಕೆ ಕತ್ತರಿಸೋವಾಗ ಅಳತೆಗಿಂತ ಎರಡು ಬೆರಳು ಆಚೆ ಬಟ್ಟೆ ಬಿಡ್ತೀನಲ್ಲ, ಅದು ಯಾರ ಅಳತೆಗೆ ಬರುತ್ತೆ ಹೇಳಿ? ಯಾರದ್ದಕ್ಕೂ ಇಲ್ಲ. ಅಂಚು ಯಾವತ್ತಿದ್ರೂ ನೂಲು ಬಿಡುತ್ತೆ. ಆ ಎರಡು ಬೆರಳಿನಲ್ಲಿ ಬಿಡಲಿ ಅಂತ ಬಿಡೋದು. ಒಳಗಿನ ಹೊಲಿಗೆ ನೆಟ್ಟಗಿರುತ್ತೆ. ಲೆಕ್ಕಕ್ಕಿಲ್ಲ ಅಂತ ಅದನ್ನ ಕತ್ತರಿಸಿ ಹಾಕಿದ್ರೆ ಲೆಕ್ಕಕ್ಕಿರೋದೇ ಹರಿದುಹೋಗುತ್ತೆ."

ಪಾದರಸ ಈ ಸಲ ಗೊತ್ತಾಯ್ತು ಎನ್ನಲಿಲ್ಲ. ಕೈಪಿಡಿ ತೆರೆದು ಮುಂದಿನ ಪುಟ ಓದಿದ. ನಡುವಿನ ತಟ್ಟೆಗೂ ಬಳೆಗೂ ಒಂದೇ ಮಟ್ಟದ ವಿದ್ಯುತ್ತು ಕೊಡಬೇಕು, ಆಗ ಬಾಗುವುದು ಹರಡುವುದು ಎಲ್ಲ ಬಳೆಯ ಹೊರ ಅಂಚಿಗೆ ಹೋಗುತ್ತದೆ, ನಡುವಿನದು ನೆಟ್ಟಗೆ ಉಳಿಯುತ್ತದೆ, ಮೀಟರು ನಡುವಿನದನ್ನು ಮಾತ್ರ ಎಣಿಸುತ್ತದೆ. ತಂತಿಯನ್ನು ಅದರ ಜಾಗಕ್ಕೆ ಸಿಕ್ಕಿಸಿ, ಸ್ಕ್ರೂ ಬಿಗಿದು, ಕವಚ ಮುಚ್ಚಿದ. ಹತ್ತು. ದಶಾಂಶದ ಆಚೆ ಮೂರು ಸೊನ್ನೆ. ಅವನ ಕಣ್ಣಲ್ಲಿ ನೀರು ಬಂತು.

ಆದರೆ ಅಷ್ಟು ಹೊತ್ತಿಗೆ ಸಾಹೇಬರ ಜವಾನ ಬಂದು ಒಂದು ಸಂದೇಶ ಹೇಳಿ ಹೋದ. ನಾಳೆ ತಪಾಸಣೆಯವರ ಮುಂದೆ ಸಾಹೇಬರು ಸ್ವತಃ ಡಬ್ಬಿಯ ಬಳಿ ನಿಂತು ತಮ್ಮ ಅಂಕಿಯನ್ನು ತೋರಿಸುವರು, ಅದಕ್ಕೆ ತಕ್ಕ ವ್ಯವಸ್ಥೆ ಇರತಕ್ಕದ್ದು. ಅತ್ತ ದರಿ, ಇತ್ತ ಪುಲಿ. ಬಳೆ, ಕವಚ ಎರಡೂ ಇದ್ದರೆ ಸಾಹೇಬರ ಅಂಕಿ ಏಳುವುದಿಲ್ಲ, ಇಲ್ಲದಿದ್ದರೆ ಕಚೇರಿ ಉಳಿಯುವುದಿಲ್ಲ. ಕಾಯಂ ಮಾಡುವ ಸಹಿ ಸಾಹೇಬರದು, ಮಾಡಬಹುದೆಂಬ ಮುದ್ರೆ ತಪಾಸಣೆಯವರದು. ಪಾದರಸ ಆ ಸಂಜೆ ತಂತಿಯನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹಾಕಿದನೆಂದು ನನಗೆ ಗೊತ್ತು, ಏಕೆಂದರೆ ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಐದನೆಯ ಸಲ ಅವನ ಹೆಂಡತಿ ಸ್ಕ್ರೂಡ್ರೈವರನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟುಬಿಟ್ಟಳು.

ಗುರುವಾರ ಬಂದ ತಪಾಸಣಾಧಿಕಾರಿ ನರೆತ ಕೂದಲಿನ ಹೆಂಗಸು, ಒಂದು ಸಣ್ಣ ಟಾರ್ಚು ಹಿಡಿದಿದ್ದರು. ಇಡೀ ಸಿಬ್ಬಂದಿ ಬರಿಗಾಲಲ್ಲಿ ನಿಂತದ್ದನ್ನು ಕಂಡು, ಇಷ್ಟು ಶುಚಿಯ ಪ್ರಯೋಗಾಲಯವನ್ನು ನೋಡಿರಲಿಲ್ಲವೆಂದು ಬರೆದುಕೊಂಡರು. ಮೀಟರು ಹತ್ತು ತೋರಿಸುತ್ತಿತ್ತು.

ಸಾಹೇಬರು ಎದೆಯುಬ್ಬಿಸಿ ಡಬ್ಬಿಯ ಬಳಿ ಬಂದರು. ಹತ್ತು. ಇನ್ನೂ ಹತ್ತಿರ ಬಂದರು. ಹತ್ತು. ಬಲಗಡೆಯಿಂದ ಬಂದರು, ಎಡಗಡೆಯಿಂದ ಬಂದರು, ಕೋಟು ಬಿಚ್ಚಿ ಬಂದರು, ಕೊನೆಗೆ ಎರಡೂ ಕೈಯಿಂದ ಕವಚವನ್ನು ತಬ್ಬಿಕೊಂಡಂತೆ ನಿಂತರು. ಅವರ ಹಣೆಯಲ್ಲಿ ಬೆವರು. ಕಚೇರಿಗೆ ಕಚೇರಿಯೇ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಅಧಿಕಾರಿಣಿ ಮಾತ್ರ ತಮ್ಮ ಟಾರ್ಚನ್ನೂ ಮರೆತು ಖುಷಿಯಾಗಿದ್ದರು. ಕವಚದ ಪರೀಕ್ಷೆಯನ್ನು ಮುಖ್ಯಸ್ಥರೇ ಮೈಬಗ್ಗಿಸಿ ಮಾಡಿ ತೋರಿಸುವುದು ಅಪರೂಪ, ಇಷ್ಟು ದೊಡ್ಡ ಮೈ ಇಷ್ಟು ಹತ್ತಿರ ಬಂದರೂ ಕೊನೆಯ ಸೊನ್ನೆ ಅಲುಗಲಿಲ್ಲ ಎಂದು ಹೊಗಳಿದರು. ಸಾಹೇಬರ ಮುಖ ಹುಳ್ಳಗಾಗಿತ್ತು.

ಹೊರಡುವಾಗ ಅಧಿಕಾರಿಣಿಯ ಕಣ್ಣು ಸೂಚನಾ ಫಲಕದ ಮೇಲೆ ಬಿತ್ತು. ನಾನು ಟೈಪು ಮಾಡಿದ ಪಟ್ಟಿಯನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ, ನನಗೂ. ಮೂರನೆಯ ಜಾಗದಲ್ಲಿ ನನ್ನ ಹೆಸರಿತ್ತು. ಅವರು ಮೇಲಿನಿಂದ ಕೆಳಗೆ ಓದಿದರು, ಹದಿನಾರು, ಹದಿನೈದೂಕಾಲು, ಹದಿನಾಲ್ಕೂವರೆ, ಮತ್ತೆ ಇವು ಯಾವ ಮೀಟರಿನ ಅಂಕಿಗಳು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾವೆಲ್ಲ ನಮ್ಮ ನಮ್ಮ ಕಾಲು ನೋಡಿಕೊಂಡೆವು.

ಪಾದರಸ ಮುಂದೆ ಬಂದ.

"ನಾನೇ ಬಳೆಯ ತಂತಿ ಬಿಚ್ಚಿದ್ದೆ ಮೇಡಂ. ಕವಚಾನೂ ತೆಗೆದಿದ್ದೆ. ಅದಕ್ಕೆ ಯಾರು ಹತ್ತಿರ ಬಂದ್ರೂ ಅಂಕಿ ಏರ್ತಿತ್ತು. ಯಾಕೆ ಅಂತ ಸಾಹೇಬ್ರು ಕೇಳಿದ್ರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ಹೆದರಿ ವರ್ಚಸ್ಸು ಅಂದೆ."

ಬಳೆ ಯಾಕೆ ಬೇಕು ಎಂದು ಅಧಿಕಾರಿಣಿ ಕೇಳಿದರು. ಅವನು ಹೊಲಿಗೆಯ ಎರಡು ಬೆರಳು ಬಟ್ಟೆಯಿಂದ ಶುರುಮಾಡಿ, ಅಂಚಿನ ಬಾಗುವಿಕೆಯವರೆಗೆ, ಒಂದು ಸಲವೂ ಜಾಗ ಬಿಟ್ಟು ಕದಲದೆ ಹೇಳಿದ. ಅವರು ಪಟ್ಟಿಯನ್ನು ಮಡಚಿ ತಮ್ಮ ಫೈಲಿಗೆ ಹಾಕಿಕೊಂಡು, ಮೂರು ದಿನದ ಲೋಪ ದಾಖಲಾಗಲಿ, ಸಾಧನ ಸರಿಯಿದೆ, ನೋಡಿಕೊಳ್ಳುವವನನ್ನು ಕಾಯಂ ಮಾಡಲು ಅಡ್ಡಿಯಿಲ್ಲ ಎಂದು ಬರೆದು ಮುದ್ರೆ ಒತ್ತಿದರು.

ಉಳಿದದ್ದು ಸಾಹೇಬರ ಸಹಿ. ಆದೇಶವನ್ನು ನಾನು ಟೈಪು ಮಾಡಿ ಒಳಗೆ ಕೊಟ್ಟೆ. ಸಂಜೆ ನಾಲ್ಕೂವರೆಗೆ ಸಾಹೇಬರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಈಗ ಬೈಗುಳ ಸುರಿಯುತ್ತದೆಂದು ನಾನು ಗೋಡೆಗೆ ಅಂಟಿಕೊಂಡೆ. ಅವರು ಬಹಳ ಮೆತ್ತಗೆ ಮಾತಾಡಿದರು.

"ಐದೇ ನಿಮಿಷ ಕವಚ ತೆಗೆದು ಆ ತಂತಿ ಬಿಚ್ಚಯ್ಯಾ. ಮಂಗಳವಾರವೇ ಮನೇಲಿ ಹೇಳ್ಬಿಟ್ಟಿದ್ದೀನಿ. ನಮ್ಮನೆಯವಳು ನೋಡ್ಬೇಕು ಅಂತ ಬಂದಿದ್ದಾಳೆ, ಹೊರಗೆ ಕೂತಿದ್ದಾಳೆ."

ಪಾದರಸ ಕಾಗದವನ್ನು ನೋಡಿದ. ನನಗೆ ಅವನ ಮೇಲೆ ಎಂದೂ ಅಷ್ಟು ಮರುಕ ಬಂದದ್ದಿಲ್ಲ, ಸಾಹೇಬರ ಮೇಲೂ ಬಂದದ್ದಿಲ್ಲ.

"ಇದನ್ನ ಮುಟ್ಟಲ್ಲ ಸರ್," ಎಂದ. "ಇದು ಹತ್ತು ಅನ್ನುತ್ತೆ ಅಂತ ಊರಿನ ಮೀಟರೆಲ್ಲ ನಂಬ್ಕೊಂಡಿವೆ. ಬೇಕಿದ್ರೆ ಬೇರೆ ಎರಡು ತಟ್ಟೆ ಕಟ್ಟಿ ಕೊಡ್ತೀನಿ. ಬಳೆ ಇಲ್ಲದ್ದು, ಕವಚ ಇಲ್ಲದ್ದು."

ಬಿಸ್ಕತ್ತಿನ ಡಬ್ಬಿಯ ಎರಡು ಮುಚ್ಚಳ, ನಡುವೆ ನಾಲ್ಕು ಬೂಚು, ಎರಡು ತಂತಿ, ಒಂದು ಹಳೆಯ ಮೀಟರು. ಹತ್ತು ನಿಮಿಷದಲ್ಲಿ ಸಿದ್ಧವಾಯಿತು. ಸಾಹೇಬರ ಮನೆಯವರು ಒಳಗೆ ಬಂದರು. ಸಣ್ಣ ಮೈಯ, ಮೆಲುದನಿಯ ಹೆಂಗಸು. ಸಾಹೇಬರು ಬೂಟು ಕಳಚಿ, ಉಸಿರೆಳೆದುಕೊಂಡು ಮುಂದೆ ಬಂದರು. ಅಂಕಿ ಏರಿತು, ನಿಜಕ್ಕೂ ಚೆನ್ನಾಗಿ ಏರಿತು. ಸಾಹೇಬರು ಹೆಂಡತಿಯ ಕಡೆ ತಿರುಗಿದರು. ಎರಡು ದಿನದಲ್ಲಿ ಅವರ ಮುಖದಲ್ಲಿ ಅಷ್ಟು ಬೆಳಕು ನಾನು ಕಂಡಿರಲಿಲ್ಲ.

ಆಕೆ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಎಷ್ಟು ಬಂತು ಎಂದು ಕೇಳುತ್ತ, ಕಾಣುವುದಿಲ್ಲವೆಂದು ಹತ್ತಿರ ಬಂದು, ಮೇಜಿಗೆ ಅಂಗೈ ಊರಿ, ಮುಚ್ಚಳಗಳ ಮೇಲೆಯೇ ಬಗ್ಗಿ ಮೀಟರಿಗೆ ಮುಖ ಹಚ್ಚಿದರು. ಅಂಕಿ ಸಾಹೇಬರನ್ನು ದಾಟಿ ಎಲ್ಲಿಗೋ ಹೋಯಿತು.

"ನಿಮ್ಮದು ಇಷ್ಟೊಂದಾ?" ಎಂದರು ಆಕೆ, ನಿಜವಾದ ಅಚ್ಚರಿಯಿಂದ.

ಸಾಹೇಬರು ಅಂಕಿಯನ್ನೂ ಹೆಂಡತಿಯ ಬಗ್ಗಿದ ಬೆನ್ನನ್ನೂ ಒಂದೆರಡು ಸಲ ನೋಡಿದರು. ಆಮೇಲೆ ಆದೇಶವನ್ನು ಬಿಸ್ಕತ್ತಿನ ಮುಚ್ಚಳದ ಪಕ್ಕದಲ್ಲೇ ಹರವಿ, ಪೆನ್ನು ತೆಗೆದು ಸಹಿ ಹಾಕಿ, ಪಾದರಸನ ಕೈಗೆ ಕೊಟ್ಟರು.

"ಇದಕ್ಕೂ ಬಳೆ, ಕವಚ ಎಲ್ಲ ಹಾಕ್ಸಯ್ಯಾ," ಎಂದು ಅವನ ಕಿವಿಯಲ್ಲಿ ಹೇಳಿದರು, "ಇವತ್ತೇ." ಬೂಟು ಮೆಟ್ಟಿಕೊಂಡು, ಹೆಂಡತಿಯ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಹೊರಗೆ ನಡೆದರು.